ಡಿ'ಏಂಜೆಲೊನ ಮೂರು ಧ್ವನಿಮುದ್ರಿಕೆಗಳು



ಅಮೆರಿಕದ ವರ್ಜೀನಿಯಾ ಸಂಸ್ಥಾನದ ರಿಚ್ಮಂಡ್ ನಗರದಲ್ಲಿ 1974ರಲ್ಲಿ ಜನಿಸಿ, 2025ರ ಅಕ್ಟೋಬರ್ 14ರಂದು ಐವತ್ತೊಂದರ ಪ್ರಾಯದಲ್ಲಿ ಅರ್ಬುದರೋಗಕ್ಕೆ ತುತ್ತಾದ ಮೈಕೇಲ್ ಯೂಜೀನ್ ಆರ್ಚರ್ ಎಂಬ ಗಾಯಕನು, ಡಿ'ಏಂಜೆಲೊ ಎಂಬ ಹೆಸರಿನಿಂದ ಲೋಕಕ್ಕೆ ಕೊಟ್ಟುಹೋದ ಸ್ಟುಡಿಯೊ ಆಲ್ಬಮ್‌ಗಳು ಮೂರೇ ಮೂರು: 1995ರ ‘ಬ್ರೌನ್ ಶುಗರ್’, 2000ದ ‘ವೂಡೂ’, 2014ರ ‘ಬ್ಲ್ಯಾಕ್ ಮೆಸೈಯ’. ಇವಲ್ಲದೆ ಲಂಡನ್ನಿನ ಜಾಝ್ ಕೆಫೆಯಲ್ಲಿ ನಡೆದ ಕಛೇರಿಯೊಂದರ ಮುದ್ರಣವುಂಟು. ಚಲನಚಿತ್ರಗಳಿಗಾಗಿಯೂ ಗೆಳೆಯರಿಗಾಗಿಯೂ ಹಾಡಿದ ಬಿಡಿಹಾಡುಗಳುಂಟು. ಇಷ್ಟು ಅಲ್ಪಪ್ರಮಾಣದ ಕೃತಿರಾಶಿಯನ್ನು ಗ್ರಾಮಫೋನ್ ತಟ್ಟೆಗಳ ರೂಪದಲ್ಲಿ, ಅಂದರೆ ಈಗಿನವರು ವಿನೈಲ್ ಎಂದು ಕರೆಯುವ ಎಲ್.ಪಿ. ರೆಕಾರ್ಡುಗಳ ರೂಪದಲ್ಲಿ, ಕೂಡಿಡುವುದರ ವಿಚಾರವಾಗಿ ಈ ದಿನ ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮೂರು ಆಲ್ಬಮ್‌ಗಳನ್ನು ಕೊಂಡುತಂದರೆ ತೀರಿಹೋಗುವ ಕೆಲಸಕ್ಕೆ ಸಂಗ್ರಹವೆಂಬ ಘನವಾದ ಹೆಸರೇಕೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ಮೂರಕ್ಕೂ ಬೇರೆಬೇರೆ ಕಾಲದ, ಬೇರೆಬೇರೆ ದೇಶದ ಅಚ್ಚುಗಳಿವೆ. ಒಂದೇ ಹಾಡು ಒಂದು ಅಚ್ಚಿನಲ್ಲಿ ಮೈತುಂಬಿಕೊಂಡು ಬರುವುದೂ ಮತ್ತೊಂದರಲ್ಲಿ ಸೊರಗಿ ಬರುವುದೂ ಉಂಟು. ಹೀಗಾಗಿ ಈತನ ಸಂಗ್ರಹಕಾರನಾದವನು ನೂರಾರು ಹೆಸರುಗಳ ಹಿಂದೆ ಓಡದೆ, ಇದ್ದ ಮೂರನ್ನೇ ಮರಳಿ ಮರಳಿ ಕೇಳಿ, ತೂಗಿ, ಯಾವುದು ಮೂಲಕ್ಕೆ ಹತ್ತಿರವೆಂದು ನಿರ್ಣಯಿಸಬೇಕಾಗುತ್ತದೆ. ಈ ಸಂಗೀತವು ಮೈತಳೆದ ಬಗೆಗೂ ಗ್ರಾಮಫೋನ್ ತಟ್ಟೆಯು ಮೈತಳೆಯುವ ಬಗೆಗೂ ಇರುವ ನಿಕಟವಾದ ನಂಟು ಅಂಥ ಶ್ರವಣದಿಂದಲ್ಲದೆ ಅನ್ಯಥಾ ತಿಳಿಯತಕ್ಕದ್ದಲ್ಲವೆಂಬುದು ನನ್ನ ದೃಢವಾದ ನಂಬಿಕೆ.

ಡಿ'ಏಂಜೆಲೊನ ತಂದೆ ಪೆಂಟೆಕೊಸ್ಟಲ್ ಪಂಥದ ಧರ್ಮಬೋಧಕರು. ಆ ಪಂಥದ ಕಪ್ಪುಜನರ ದೇವಾಲಯಗಳಲ್ಲಿ ಬೋಧನೆಗೂ ಗಾಯನಕ್ಕೂ ನಡುವೆ ಗೋಡೆಯಿಲ್ಲ. ಬೋಧಕನ ಮಾತು ಏರುತ್ತ ಏರುತ್ತ ರಾಗವಾಗುತ್ತದೆ, ಪಿಯಾನೊ ಅಥವಾ ಆರ್ಗನ್ ನುಡಿಸುವವನು ಆ ಏರಿಳಿತವನ್ನು ಅನುಸರಿಸುತ್ತ ಅದಕ್ಕೆ ಆಸರೆ ಕೊಡುತ್ತಾನೆ. ಬಾಲ್ಯದಲ್ಲಿಯೇ ಅಂಥ ಕೀಲಿಮಣೆಯ ಮುಂದೆ ಕುಳಿತ ಹುಡುಗನು 1991ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಭಾಗದ ಅಪೊಲೊ ರಂಗಮಂದಿರದಲ್ಲಿ ನಡೆಯುವ ಹವ್ಯಾಸಿಗಳ ಸ್ಪರ್ಧೆಯನ್ನು ಗೆದ್ದನು. ನಾಲ್ಕು ವರ್ಷಗಳ ತರುವಾಯ, ಇಪ್ಪತ್ತೊಂದರ ವಯಸ್ಸಿನಲ್ಲಿ, ‘ಬ್ರೌನ್ ಶುಗರ್’ ಹೊರಬಂದಿತು. ಅದರ ಬಹುಪಾಲು ವಾದ್ಯಗಳನ್ನು ನುಡಿಸಿದವನು ಅವನೇ. ಶೀರ್ಷಿಕೆಯ ಹಾಡಿನಲ್ಲಿ ಅಲಿ ಶಹೀದ್ ಮುಹಮ್ಮದನೂ, ‘ಲೇಡಿ’ ಎಂಬ ಹಾಡಿನಲ್ಲಿ ರಫೇಲ್ ಸಾದಿಕನೂ ಕೈಗೂಡಿಸಿದರು. ಸ್ಮೋಕಿ ರಾಬಿನ್ಸನ್ನನ ‘ಕ್ರೂಸಿನ್’ ಎಂಬ ಹಳೆಯ ಗೀತೆಯೊಂದನ್ನೂ ಆತ ಅಲ್ಲಿ ಹಾಡಿದ್ದಾನೆ. ಆಗ ಅಮೆರಿಕದ ಯುವಜನರ ಕಿವಿ ಹಿಪ್‌ಹಾಪ್‌ಗೆ ಹೊಂದಿಕೊಂಡಿತ್ತು. ಅವರ ತಂದೆತಾಯಿಗಳ ಕಾಲದ ಸೋಲ್ ಸಂಗೀತವು ಹಳತಾಯಿತೆಂಬ ಭಾವನೆಯಿತ್ತು. ಈ ತರುಣನಾದರೋ ಹಿಪ್‌ಹಾಪ್‌ನ ಒರಟು ತಾಳದ ಮೇಲೆ ದೇವಾಲಯದ ಕೊರಳನ್ನು ಕೂರಿಸಿದನು. ಎರಿಕಾ ಬಾಡು, ಮ್ಯಾಕ್ಸ್‌ವೆಲ್ ಮೊದಲಾದವರೂ ಅದೇ ಸಮಯದಲ್ಲಿ ಅದೇ ಹಾದಿ ಹಿಡಿದದ್ದರಿಂದ ಇವರೆಲ್ಲರನ್ನೂ ಸೇರಿಸಿ ನಿಯೊ ಸೋಲ್ ಎಂದು ಕರೆಯುವ ರೂಢಿ ಬಿತ್ತು. ಆ ಹಣೆಪಟ್ಟಿಯನ್ನು ಪ್ರಚಾರಕ್ಕೆ ತಂದವನು ಈತನ ವ್ಯವಹಾರಗಳನ್ನೇ ನೋಡಿಕೊಳ್ಳುತ್ತಿದ್ದ ಕೇದಾರ್ ಮ್ಯಾಸೆನ್‌ಬರ್ಗ್. ತಾನು ಮಾಡುವುದು ಕಪ್ಪುಜನರ ಸಂಗೀತ, ಅಷ್ಟೇ ಎಂಬುದು ಡಿ'ಏಂಜೆಲೊನ ನಿಲುವಾಗಿತ್ತು.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ‘ವೂಡೂ’ವಿನ ವಿಷಯ.

ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಭಾಗದಲ್ಲಿ, ಪಶ್ಚಿಮ 8ನೆಯ ಬೀದಿಯಲ್ಲಿ, ಎಲೆಕ್ಟ್ರಿಕ್ ಲೇಡಿ ಎಂಬ ಹೆಸರಿನ ಸ್ಟುಡಿಯೊ ಒಂದಿದೆ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸನು ತನಗಾಗಿ ಕಟ್ಟಿಸಿಕೊಂಡು 1970ರ ಆಗಸ್ಟಿನಲ್ಲಿ ತೆರೆದ, ಮರುತಿಂಗಳೇ ಅವನು ತೀರಿಕೊಂಡದ್ದರಿಂದ ಅವನಿಗೆ ಹೆಚ್ಚು ದಿನ ದಕ್ಕದೆಹೋದ ಸ್ಥಳವದು. ಸ್ಟೀವೀ ವಂಡರನು ತನ್ನ ಯೌವನದ ಶ್ರೇಷ್ಠ ಕೃತಿಗಳ ಮುದ್ರಣ ಮಾಡಿದ್ದೂ ಅಲ್ಲಿಯೇ. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಡಿ'ಏಂಜೆಲೊನು ಅಲ್ಲಿ ಬೀಡುಬಿಟ್ಟನು. ಡ್ರಮ್ ನುಡಿಸಲು ಫಿಲಡೆಲ್ಫಿಯದ ಕ್ವೆಸ್ಟ್‌ಲವ್, ಬಾಸ್ ಗಿಟಾರಿಗೆ ವೇಲ್ಸ್ ನಾಡಿನ ಪಿನೊ ಪಲ್ಲಾಡಿನೊ, ಕೀಲಿಮಣೆಗೆ ಜೇಮ್ಸ್ ಪಾಯ್ಸರ್, ತುತ್ತೂರಿಗೆ ಜಾಝ್ ಲೋಕದ ರಾಯ್ ಹಾರ್‌ಗ್ರೋವ್, ಎಂಟು ತಂತಿಯ ಒಂದೇ ವಾದ್ಯದಲ್ಲಿ ಬಾಸನ್ನೂ ಗಿಟಾರನ್ನೂ ಏಕಕಾಲಕ್ಕೆ ನುಡಿಸಬಲ್ಲ ಚಾರ್ಲಿ ಹಂಟರ್, ಇವರೆಲ್ಲರ ನಾದವನ್ನು ಹಿಡಿದಿಡಲು ರಸೆಲ್ ಎಲೆವಾಡೊ ಎಂಬ ಧ್ವನಿತಜ್ಞ. ಇವರು ಸಂಜೆ ಕೂಡಿ, ಪ್ರಿನ್ಸ್ ಮುಂತಾದ ಪೂರ್ವಸೂರಿಗಳ ಕಛೇರಿಗಳ ವೀಡಿಯೊಗಳನ್ನು ಅಭ್ಯಾಸದ ದೃಷ್ಟಿಯಿಂದ ನೋಡಿ, ಅವರ ಹಾಡುಗಳನ್ನು ಗಂಟೆಗಟ್ಟಲೆ ನುಡಿಸುತ್ತ ಹೋಗಿ, ನುಡಿಸುತ್ತಿರುವಾಗಲೇ ಹೊಸದೇನಾದರೂ ಹೊಳೆದರೆ ಅದನ್ನು ಹಿಡಿದುಕೊಳ್ಳುತ್ತಿದ್ದರು. ಹೊರಗೆ ಮುದ್ರಣೋದ್ಯಮವು ಗಣಕಯಂತ್ರದ ಕಡೆಗೆ ಮುಖ ಮಾಡಿದ್ದ ಆ ದಿನಗಳಲ್ಲಿ, ಇವರ ನಾದವು ಎರಡು ಅಂಗುಲ ಅಗಲದ ಕಾಂತೀಯ ಟೇಪಿನ ಮೇಲೆ ಮೂಡಿತು.

ಇವರ ಸಾಧನೆಯ ಹೃದಯವಿರುವುದು ಲಯದಲ್ಲಿ. ತಾಳದ ಮೊದಲ ಪೆಟ್ಟು ಬಿದ್ದ ಮೇಲೆ ಹಾಡು ಹಿಡಿಯುವ ಎಡುಪು ನಮ್ಮ ಸಂಗೀತ ಕೇಳಿ ಬೆಳೆದವರಿಗೆ ಹೊಸದೇನಲ್ಲ. ಆದರೆ ಆ ತಡವು ಅರ್ಧವೋ ಮುಕ್ಕಾಲೋ ಒಂದೂವರೆಯೋ ಎಂದು ಲೆಕ್ಕಕ್ಕೆ ಸಿಕ್ಕುವಂಥದು. ‘ವೂಡೂ’ವಿನಲ್ಲಿ ಕೇಳಬರುವ ತಡವು ಯಾವ ಲೆಕ್ಕಕ್ಕೂ ಸಿಕ್ಕುವುದಿಲ್ಲ. ಡ್ರಮ್ಮಿನ ಪೆಟ್ಟು ಬಿದ್ದೀತೆಂದು ಕಿವಿ ನಿರೀಕ್ಷಿಸುವ ಕ್ಷಣಕ್ಕಿಂತ ಕೂದಲೆಳೆಯಷ್ಟು ತಡವಾಗಿ ಪೆಟ್ಟು, ಅದಕ್ಕಿಂತಲೂ ತಡವಾಗಿ ಬಾಸಿನ ಸ್ವರ, ಇವೆರಡರ ನಡುವಿನ ಸಂದಿನಲ್ಲಿ ಕಂಠ. ಡೆಟ್ರಾಯ್ಟ್ ನಗರದ ಜೆ. ಡಿಲ್ಲಾ ಎಂಬ ತರುಣನು, ತಾಳಯಂತ್ರದ ತಪ್ಪು ತಿದ್ದುವ ಏರ್ಪಾಡನ್ನು ಬದಿಗಿಟ್ಟು ಬೆರಳಿನಿಂದಲೇ ಬಾರಿಸಿ ಸಾಧಿಸಿದ್ದ ಆ ತೊಡರುಲಯವನ್ನು ಇವರು ಜೀವಂತವಾದ್ಯಗಳಲ್ಲಿ ಸಾಧಿಸಹೊರಟರು. ವರ್ಷಗಟ್ಟಲೆ ಕಾಲಪ್ರಮಾಣವನ್ನು ಗಡಿಯಾರದಂತೆ ಕಾಯ್ದುಕೊಂಡು ಬಂದಿದ್ದ ಕ್ವೆಸ್ಟ್‌ಲವ್, ಆ ನಿಖರತೆಯನ್ನು ಬಿಟ್ಟುಕೊಡಲು ತಾನು ಪಟ್ಟ ಪಾಡನ್ನು ಅನೇಕ ಕಡೆ ಹೇಳಿಕೊಂಡಿದ್ದಾನೆ. ಕೇಳುವವನಿಗೆ ಮೊದಲ ಸಲ ಎಲ್ಲವೂ ಇನ್ನೇನು ಕುಸಿದುಬೀಳುತ್ತದೆ ಎನಿಸುವುದು, ಕುಸಿಯುವುದಿಲ್ಲ. ನಾಲ್ಕಾರು ಸಲ ಕೇಳಿದ ಮೇಲೆ, ಪರಸ್ಪರರನ್ನು ಕಾಯುತ್ತ ಕಾಯುತ್ತ ನುಡಿಸುವ ಮನುಷ್ಯರ ಒಂದು ಕೂಟ ಕಣ್ಣಿಗೆ ಕಟ್ಟುತ್ತದೆ.

ಈಗ ತಟ್ಟೆಯ ಕಡೆಗೆ ಬರೋಣ. ಎಲ್.ಪಿ. ತಟ್ಟೆಯ ವ್ಯಾಸ 12 ಅಂಗುಲ. ನಿಮಿಷಕ್ಕೆ 33⅓ ಸುತ್ತು, ಎಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಮುಳ್ಳು ಹೊರಅಂಚಿನಲ್ಲಿರುವಾಗ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರಿನಷ್ಟು ಗೆರೆ ಅದರ ಕೆಳಗೆ ಹಾದುಹೋದರೆ, ನಡುಚೀಟಿಯ ಸಮೀಪಕ್ಕೆ ಬರುವ ಹೊತ್ತಿಗೆ ಅದು 20ರ ಆಸುಪಾಸಿಗೆ ಇಳಿದಿರುತ್ತದೆ. ಅದೇ ನಾದವು ಅರ್ಧಕ್ಕಿಂತ ಕಡಮೆ ಜಾಗದಲ್ಲಿ ಮುದುರಿಕೊಳ್ಳಬೇಕಾದ್ದರಿಂದ ಒಳಸುತ್ತುಗಳಲ್ಲಿ ತಾರಸ್ವರಗಳು ಮಸುಕಾಗುವ, ಸಕಾರಗಳು ಸಿಡಿಯುವ ಭಯವಿದೆ. ಮಂದ್ರಸ್ವರಗಳ ತೊಂದರೆ ಬೇರೆ: ಅವುಗಳ ಗೆರೆ ಅಗಲವಾಗಿ ಓಲಾಡುತ್ತದೆ, ಪಕ್ಕದ ಗೆರೆಯ ಮೇಲೆ ಬೀಳುತ್ತದೆ. ಆದಕಾರಣ ಗೆರೆ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಹಿಗ್ಗಿಸಿ, ನುಡಿಸುವಾಗ ಯಂತ್ರದಲ್ಲಿ ಅದನ್ನು ತಿರುಗುಮುರುಗು ಮಾಡಿ ಸರಿದೂಗಿಸುವ ಕ್ರಮವು ಐವತ್ತರ ದಶಕದಿಂದ ರೂಢಿಯಲ್ಲಿದೆ. ಇಷ್ಟಾದರೂ ಮಂದ್ರಪ್ರಧಾನವಾದ ಸಂಗೀತಕ್ಕೆ ಗೆರೆಗಳ ನಡುವೆ ಎಡೆ ಬೇಕು. ಎಡೆ ಬೇಕೆಂದರೆ ಒಂದು ಮಗ್ಗುಲಲ್ಲಿ ಹೆಚ್ಚು ನಿಮಿಷಗಳನ್ನು ತುರುಕಬಾರದು.

‘ವೂಡೂ’ ಪೂರ್ತಿಯಾಗಿ 79 ನಿಮಿಷಗಳ ಕೃತಿ, ಒಂದು ಸಿ.ಡಿ.ಯ ಅಂಚಿಗೆ ಬಂದು ನಿಲ್ಲುವಷ್ಟು. ತಟ್ಟೆಯ ರೂಪದಲ್ಲಿ ಅದು ಎರಡು ತಟ್ಟೆ, ನಾಲ್ಕು ಮಗ್ಗುಲು. ಸರಾಸರಿ ಹಂಚಿದರೆ ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೆ ತುಸು ಕಡಮೆ. ಪಲ್ಲಾಡಿನೊನ ಬಾಸಿಗೆ ಇದು ಸಮರ್ಪಕವಾದ ಹಂಚಿಕೆ. ಕೇಳುಗನಿಗೂ ಇದರಿಂದ ಒಂದು ಉಪಕಾರವಾಗುತ್ತದೆ. ಎಪ್ಪತ್ತೊಂಬತ್ತು ನಿಮಿಷ ಒಂದೇ ಸಮನೆ ಹರಿಯುವ ಈ ಮಂದಗತಿಯ ಸಂಗೀತದಲ್ಲಿ ಮನಸ್ಸು ಎಲ್ಲೋ ತೇಲಿಹೋಗುವುದು ಸಹಜ. ತಟ್ಟೆಯಲ್ಲಾದರೆ ಮಗ್ಗುಲು ಮುಗಿದೊಡನೆ ಎದ್ದುಹೋಗಿ ಮುಳ್ಳನ್ನು ಎತ್ತಬೇಕು, ತಿರುವಿ ಹಾಕಬೇಕು, ಮತ್ತೆ ಕುಳಿತುಕೊಳ್ಳಬೇಕು. ಆ ವಿರಾಮದಲ್ಲಿ, ಆಗತಾನೆ ಕೇಳಿದ್ದು ಕಿವಿಯಲ್ಲಿ ಇಂಗುತ್ತದೆ. ‘ಸ್ಪ್ಯಾನಿಷ್ ಜಾಯಿಂಟ್’ ಎಂಬ ಹಾಡಿನಲ್ಲಿ ಹಾರ್‌ಗ್ರೋವನ ತುತ್ತೂರಿಗಳು ಒಂದರ ಮೇಲೊಂದು ಪದರಪದರವಾಗಿ ಏಳುವ ರೀತಿಯನ್ನು ನಾನು ನಿಜವಾಗಿ ಗಮನಿಸಿದ್ದು ತಟ್ಟೆ ತಿರುವತೊಡಗಿದ ಮೇಲೆಯೇ.

ಆದರೆ ಈ ತಟ್ಟೆಯನ್ನು ದೊರಕಿಸಿಕೊಳ್ಳುವುದು ಬಹುಕಾಲ ದುಸ್ತರವಾಗಿತ್ತು. ಈ ಕೃತಿಯು 2000ದ ಜನವರಿಯಲ್ಲಿ ಹೊರಬಿದ್ದು ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಮೊದಲ ವಾರವೇ ಅಗ್ರಸ್ಥಾನಕ್ಕೇರಿತಾದರೂ, ಕೊಂಡವರಲ್ಲಿ ಬಹುತೇಕರೆಲ್ಲ ಕೊಂಡದ್ದು ಸಿ.ಡಿ.ಯನ್ನು, ಗ್ರಾಮಫೋನ್ ತಟ್ಟೆಯನ್ನು ಆಗ ಬಯಸುತ್ತಿದ್ದವರು ನೃತ್ಯಕೂಟಗಳಲ್ಲಿ ತಟ್ಟೆ ನುಡಿಸುವ ಡಿ.ಜೆ.ಗಳು ಮತ್ತು ಕೆಲವು ನಿಷ್ಠಾವಂತರು. ಅಚ್ಚಾದ ತಟ್ಟೆಗಳು ತೀರಿಹೋದ ಮೇಲೆ ಉಳಿದವು ಕೈಯಿಂದ ಕೈಗೆ ಬೆಲೆ ಏರಿಸಿಕೊಳ್ಳುತ್ತ ಹೋದವು. ಸಿಯಾಟಲ್ ನಗರದ ಲೈಟ್ ಇನ್ ದಿ ಆಟಿಕ್ ಎಂಬ ಸಂಸ್ಥೆಯು 2012ರಲ್ಲಿ ಅದನ್ನು ಮರುಮುದ್ರಿಸಿದಾಗಲೇ ಸಾಧಾರಣ ಆದಾಯದ ರಸಿಕನಿಗೂ ಅದು ಕೈಗೆಟುಕಿದ್ದು. ಮರುಮುದ್ರಣವೆಂದರೆ ಮೂಗು ಮುರಿಯುವ ಸಂಗ್ರಾಹಕರಿದ್ದಾರೆ. ಮೊದಲಚ್ಚಿನ ಹೊರತು ಬೇರೊಂದನ್ನು ಅವರು ಮುಟ್ಟಲೊಲ್ಲರು. ಆ ಮತ ನನಗೆ ಸಮ್ಮತವಲ್ಲ. ತಟ್ಟೆಯ ರೂಪದಲ್ಲಿ ಬಹುಕಾಲ ಅಲಭ್ಯವಾಗಿದ್ದ ಕೃತಿಯೊಂದನ್ನು ಆದರದಿಂದ ಮತ್ತೆ ಅಚ್ಚುಹಾಕಿದವರು ಈ ಸಂಗೀತಕ್ಕೆ ಮಾಡಿದ ಸೇವೆ ದೊಡ್ಡದು.

ಮೊದಲಚ್ಚಿಗೆ ಬೆಲೆ ಏಕೆಂಬುದನ್ನಾದರೂ ತಿಳಿದಿರಬೇಕು. ಮೆರುಗುಬಳಿದ ಅಲ್ಯೂಮಿನಿಯಂ ಫಲಕದ ಮೇಲೆ ನುರಿತ ಕುಶಲಿಯೊಬ್ಬನು ಗೆರೆಯನ್ನು ಕೊರೆಯುತ್ತಾನೆ. ಅದಕ್ಕೆ ಬೆಳ್ಳಿಯ ತೆಳುಲೇಪ ಕೊಟ್ಟು, ವಿದ್ಯುತ್ತಿನ ಮೂಲಕ ನಿಕ್ಕಲನ್ನು ಬೆಳೆಸಿ ಎಬ್ಬಿಸಿದ ಪಡಿಯಚ್ಚಿನಿಂದ ಇನ್ನೊಂದು, ಅದರಿಂದ ಮತ್ತೊಂದು ಹೀಗೆ ಒತ್ತಚ್ಚುಗಳು ಸಿದ್ಧವಾಗುತ್ತವೆ. ಅವುಗಳ ನಡುವೆ ಕಾದ ಪಿ.ವಿ.ಸಿ. ಮುದ್ದೆಯನ್ನಿಟ್ಟು ಒತ್ತಿದಾಗ ತಟ್ಟೆ. ಒತ್ತಿದಂತೆಲ್ಲ ಅಚ್ಚು ಸವೆಯುತ್ತದೆ. ಅಂತೆಯೇ ಬೇರೊಬ್ಬ ಕುಶಲಿ ಮತ್ತೆ ಕೊರೆದರೆ ಅವನ ಕಿವಿಯ ಅಭಿರುಚಿಯು ತಟ್ಟೆಯಲ್ಲಿ ಮೂಡುತ್ತದೆ. ಕೊರೆದವನು ಹಾಡು ಮುಗಿದ ಮೇಲಿನ ಖಾಲಿ ಪಟ್ಟಿಯಲ್ಲಿ, ನಡುಚೀಟಿಗೆ ತಾಗಿದಂತೆ, ಮೊನೆಯಿಂದ ಗೀಚಿದ ಅಂಕೆಗಳನ್ನೂ ಕೆಲವೊಮ್ಮೆ ತನ್ನ ಹೆಸರಿನ ಮೊದಲಕ್ಷರಗಳನ್ನೂ ಬಿಟ್ಟಿರುತ್ತಾನೆ. ಹಳೆಯ ತಟ್ಟೆ ಕೊಳ್ಳುವವನು ಮೊದಲು ನೋಡಬೇಕಾದ್ದು ಅದನ್ನು. ಅಂಚನ್ನು ಅಂಗೈಗೂ ನಡುಚೀಟಿಯನ್ನು ಬೆರಳತುದಿಗೂ ಆನಿಸಿಕೊಂಡು, ಒಂದೇ ಕಡೆಯಿಂದ ಬೀಳುವ ಬೆಳಕಿಗೆ ತಟ್ಟೆಯನ್ನು ಓರೆಯಾಗಿ ಹಿಡಿದರೆ ಆ ಗೀಚು ಬೆಳಗುತ್ತದೆ. ಅದೇ ಬೆಳಕಿನಲ್ಲಿ ಮೇಲ್ಮೈಯ ತರಚುಗಳೂ ಕಾಣುತ್ತವೆ. ನಡುರಂಧ್ರದ ಸುತ್ತ ಕಾಗದದ ಮೇಲೆ ನವುರಾದ ಗೆರೆಗಳು ದಟ್ಟವಾಗಿದ್ದರೆ, ಹಿಂದಿನ ಒಡೆಯನು ಕಡ್ಡಿಗೆ ರಂಧ್ರವನ್ನು ತಡಕಿ ತಡಕಿ ಅದನ್ನು ಅನೇಕ ಸಲ ನುಡಿಸಿದ್ದಾನೆಂದು ತಿಳಿಯಬಹುದು. ಅಂಥ ತಟ್ಟೆಯನ್ನು ನಾನು ತಿರಸ್ಕರಿಸುವುದಿಲ್ಲ. ಒಳ್ಳೆಯ ಮುಳ್ಳಿನಿಂದ ನೂರು ಸಲ ನುಡಿಸಿದ್ದಕ್ಕಿಂತ, ಸವೆದ ಮುಳ್ಳಿನಿಂದ ಹತ್ತು ಸಲ ನುಡಿಸಿದ್ದು ಹೆಚ್ಚು ಕೆಟ್ಟಿರುತ್ತದೆ. ಇದನ್ನು ಕಣ್ಣು ಹೇಳಲಾರದು, ಕಿವಿಯೇ ಹೇಳಬೇಕು. ಆದಕಾರಣ ನುಡಿಸಿ ತೋರಿಸಲು ಒಪ್ಪದ ಅಂಗಡಿಯಲ್ಲಿ ದುಬಾರಿ ತಟ್ಟೆಯನ್ನು ಕೊಳ್ಳದಿರುವುದು ಲೇಸು.

ಹೊದಿಕೆಯ ಮಾತನ್ನೂ ಇಲ್ಲಿ ಹೇಳಬೇಕು. ‘ವೂಡೂ’ವಿನ ಮುಖಪುಟದಲ್ಲಿ ಗಾಯಕನ ಬರಿಮೈಯ ಚಿತ್ರವಿದೆ. ಆ ವರ್ಷವೇ ಬಂದ ‘ಅನ್‌ಟೈಟಲ್ಡ್’ ಹಾಡಿನ ವೀಡಿಯೊದಲ್ಲಿಯೂ ಕಂಡದ್ದು ಅದೇ ಮೈ. ಆ ಹಾಡು, ಏಳು ನಿಮಿಷಗಳ ಕಾಲ ಪಿಸುಮಾತಿನಿಂದ ಆರ್ತನಾದದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ, ಶಿಖರದಲ್ಲಿ, ನುಡಿಯ ನಡುವೆಯೇ, ಕತ್ತರಿಸಿದಂತೆ ನಿಂತುಹೋಗುವ ಅಸಾಧಾರಣ ರಚನೆ. ಆದರೆ ಜನರು ನೆನಪಿಟ್ಟದ್ದು ಮೈಕಟ್ಟನ್ನು. ಆ ವರ್ಷದ ಸಂಚಾರದ ಕಛೇರಿಗಳಲ್ಲಿ ಅಂಗಿ ತೆಗೆಯೆಂದು ಕೂಗುವವರ ಮುಂದೆ ಹಾಡುತ್ತ ಆತ ನೊಂದುಕೊಂಡನು. ತರುವಾಯ ಹಿಂದೆಸರಿದನು. ವ್ಯಸನ, ಅಪಘಾತ, ಏಕಾಂತ. ಆ ಹದಿನಾಲ್ಕು ವರ್ಷಗಳನ್ನು ಇಲ್ಲಿ ಬಿಡಿಸಿ ಹೇಳುವುದು ನನಗೆ ಇಷ್ಟವಿಲ್ಲ. 2014ರ ಡಿಸೆಂಬರಿನಲ್ಲಿ, ಫರ್ಗುಸನ್ ಪಟ್ಟಣದಲ್ಲಿಯೂ ನ್ಯೂಯಾರ್ಕಿನಲ್ಲಿಯೂ ನಿರಾಯುಧರಾದ ಕಪ್ಪುಜನರನ್ನು ಕೊಂದ ಪೋಲೀಸರ ಮೇಲೆ ಮೊಕದ್ದಮೆ ಹೂಡದಿರುವ ತೀರ್ಮಾನಗಳು ಹೊರಬಿದ್ದು ದೇಶ ಕುದಿಯುತ್ತಿದ್ದಾಗ, ಮುಂದಿನ ವರ್ಷಕ್ಕೆಂದು ಇಟ್ಟುಕೊಂಡಿದ್ದ ‘ಬ್ಲ್ಯಾಕ್ ಮೆಸೈಯ’ವನ್ನು ಆತ ಅವಧಿಗೆ ಮುಂಚೆಯೇ ಬಿಡುಗಡೆ ಮಾಡಿಸಿದನು. ಅದರ ಮುಖಪುಟದಲ್ಲಿ ಗಾಯಕನಿಲ್ಲ. ಕಪ್ಪುಬಿಳುಪಿನ ಜನಸಂದಣಿ, ಮೇಲೆತ್ತಿದ ಕೈಗಳು. ಹನ್ನೆರಡು ಅಂಗುಲದ ಈ ಎರಡು ಹೊದಿಕೆಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದನ್ನಿಟ್ಟರೆ ಒಬ್ಬ ಕಲಾವಿದನು ತನ್ನನ್ನೇ ಚಿತ್ರದಿಂದ ಹೊರಗಿಟ್ಟುಕೊಂಡ ಪರಿ ಎದುರಿಗೇ ನಿಲ್ಲುತ್ತದೆ. ಕೈಯಲ್ಲಿ ಹಿಡಿಯುವ ದೂರವಾಣಿಯ ಪುಟ್ಟ ಚೌಕದಲ್ಲಿ ಆ ಸಂದಣಿಯ ಮುಖಗಳು ಕಾಣವು.

ಈ ಮೂರನೆಯ ಕೃತಿಯ ಟಿಪ್ಪಣಿಯಲ್ಲಿ, ಮುದ್ರಣದಿಂದ ಮಿಶ್ರಣದವರೆಗೆ ಎಲ್ಲವೂ ಟೇಪಿನ ಮೇಲೆ, ಬಹುಮಟ್ಟಿಗೆ ಹಳೆಯ ಉಪಕರಣಗಳಿಂದಲೇ ನಡೆಯಿತೆಂದು ಸ್ಪಷ್ಟವಾಗಿ ಸಾರಲಾಗಿದೆ. ಸ್ವರಗಳು ಇಲ್ಲಿ ‘ವೂಡೂ’ವಿಗಿಂತ ಒತ್ತೊತ್ತಾಗಿವೆ, ಕಂಠಗಳು ಹೆಣೆದುಕೊಂಡಿವೆ, ಸಾಹಿತ್ಯವನ್ನು ಬಿಡಿಸಿಕೊಳ್ಳುವುದು ಕಷ್ಟ. ಎರಡು ತಟ್ಟೆಗಳ ಮೇಲೆ ಹರಡಿ ಕೊರೆದದ್ದರಿಂದ ‘ದಿ ಶರೇಡ್’ ಎಂಬ ಹಾಡಿನ ಡ್ರಮ್ಮಿನ ಪೆಟ್ಟಿಗೆ ಸುತ್ತ ಗಾಳಿಯಾಡುವಷ್ಟು ಎಡೆ ದೊರೆತಿದೆ. ಹೊಸಬರು ಈ ಸಂಗ್ರಹವನ್ನು ಇದರಿಂದಲೇ ಆರಂಭಿಸಲೆಂದು ನಾನು ಸಲಹೆ ಕೊಡುತ್ತೇನೆ. ಮೂಲದಿಂದಲೂ ತಟ್ಟೆಯನ್ನು ಬಯಸುವ ಕಾಲದಲ್ಲಿ ಬಂದದ್ದು ಇದೊಂದೇ. ತಟ್ಟೆಗಳ ಪುನರುಜ್ಜೀವನವು ಅಲ್ಲಿ ಎಷ್ಟು ಮುಂದುವರಿಯಿತೆಂದರೆ, 2022ರಲ್ಲಿ ಅಮೆರಿಕದಲ್ಲಿ ಮಾರಾಟವಾದ ತಟ್ಟೆಗಳು ಸುಮಾರು 4.1 ಕೋಟಿ, ಸಿ.ಡಿ.ಗಳು 3.3 ಕೋಟಿ.

ಈ ಸಮೃದ್ಧಿಯಿಂದ ಒಂದು ಕೇಡೂ ಬಂದಿದೆ. ಬಣ್ಣಬಣ್ಣದ ಪ್ಲಾಸ್ಟಿಕ್ಕಿನಲ್ಲಿ, ಎಣಿಸಿ ಬಿಡುವ ಪ್ರತಿಗಳಲ್ಲಿ, ಒಂದೇ ಕೃತಿಯನ್ನು ಐದಾರು ವೇಷಗಳಲ್ಲಿ ಮಾರುವ ಪದ್ಧತಿ ಬೆಳೆದು, ಕೊಂಡವರು ಮೇಲಿನ ತೆಳುಹಾಳೆಯನ್ನೂ ಹರಿಯದೆ ಬೆಲೆಯೇರಲೆಂದು ಕಪಾಟಿನಲ್ಲಿ ಇಟ್ಟುಕೊಳ್ಳುತ್ತಾರೆ. ಗಾಯಕನೊಬ್ಬನು ತೀರಿಕೊಂಡ ಸುದ್ದಿ ಬಂದಾಗಲೆಲ್ಲ ಅಂಥವು ಸಂತೆಗೆ ಬರುತ್ತವೆ. ಮುಳ್ಳು ತಾಕದ ‘ವೂಡೂ’ ಒಂದು ಮೂಕವಸ್ತು; ಅದರೊಳಗಿನ ಹಾರ್‌ಗ್ರೋವ್ 2018ರಲ್ಲಿ ತೀರಿಹೋದನು, ಅದರ ಲಯಕ್ಕೆ ಗುರುವಾದ ಡಿಲ್ಲಾ 2006ರಲ್ಲಿಯೇ ಹೋದನು, ‘ಸೆಂಡ್ ಇಟ್ ಆನ್’ ಹಾಡಿನ ರಚನೆಯಲ್ಲಿ ಪಾಲುಗೊಂಡ ಆಂಜಿ ಸ್ಟೋನ್ 2025ರ ಮಾರ್ಚಿನಲ್ಲಿ ಅಪಘಾತದಲ್ಲಿ ಮಡಿದಳು. ವಾದಕರು ಒಂದು ಕೋಣೆಯಲ್ಲಿ ಕೂಡಿದ್ದ ರಾತ್ರಿಗಳು ಆ ತಟ್ಟೆಯ ಗೆರೆಯಲ್ಲಿವೆ. ಅದನ್ನು ನುಡಿಸದೆ ಇಡುವುದು ಅವರಿಗೆ ಸಲ್ಲಿಸುವ ಗೌರವವೆಂದು ನಾನು ಭಾವಿಸಲಾರೆ.

ನಾಲ್ಕನೆಯ ಆಲ್ಬಮ್ಮಿನ ಕೆಲಸದಲ್ಲಿ ಡಿ'ಏಂಜೆಲೊ ತೊಡಗಿದ್ದಾನೆಂದು ರಫೇಲ್ ಸಾದಿಕನು 2024ರಲ್ಲಿ ಹೇಳಿದ್ದನು. ಉಳಿದ ಟೇಪುಗಳಿಂದ ಮುಂದೊಂದು ದಿನ ತಟ್ಟೆಯೊಂದು ಸಿದ್ಧವಾಗಿ ಅಂಗಡಿಗೆ ಬರುವುದು ಅಸಂಭವವೇನಲ್ಲ. ಹಾಡೊಂದು ತನ್ನ ಕಿವಿಗೆ ಪೂರ್ತಿ ಒಪ್ಪುವವರೆಗೆ ವರ್ಷಗಟ್ಟಲೆ ಅದನ್ನು ಹೊರಬಿಡದೆ ತಡೆದಿಟ್ಟುಕೊಂಡಿದ್ದ ಮನುಷ್ಯನ ಅಪೂರ್ಣ ಕೃತಿಗಳನ್ನು ಪೂರ್ಣಗೊಳಿಸುವ ಹಕ್ಕು ಯಾರಿಗಿದೆಯೆಂಬುದು ಅವನ ಮನೆಯವರೂ ಒಡನಾಡಿಗಳೂ ನಿರ್ಧರಿಸಬೇಕಾದ ವಿಷಯ. ಅಂಥದು ಬಂದರೆ ನಾನು ಮೊದಲು ಹೊದಿಕೆಯ ಹಿಂಬದಿಯನ್ನು ತಿರುವಿ ನೋಡುತ್ತೇನೆ. ಮಿಶ್ರಣ ಮಾಡಿದವನು ಎಲೆವಾಡೊ ಆಗಿದ್ದರೆ, ಡ್ರಮ್ಮಿನ ಮುಂದೆ ಕ್ವೆಸ್ಟ್‌ಲವ್ ಹೆಸರೂ ಬಾಸಿನ ಮುಂದೆ ಪಲ್ಲಾಡಿನೊನ ಹೆಸರೂ ಇದ್ದರೆ, ಬೆಲೆ ಕೇಳದೆ ಕೊಳ್ಳುತ್ತೇನೆ. ಇಲ್ಲವಾದರೆ ಅಂಗಡಿಯವನನ್ನು ಒಂದು ಮಗ್ಗುಲು ನುಡಿಸುವಂತೆ ಕೇಳಿಕೊಂಡು, ಅಲ್ಲಿಯೇ ನಿಂತು ಪೂರ್ತಿ ಕೇಳಿ, ಆಮೇಲೆ ಯೋಚಿಸುತ್ತೇನೆ.